ಎರಡು ಸಲ ಒಡೆದು ಮೂರನೇ ಸಲ ಬಂದ ಕೇಸೋ

ಸ್ಪ್ಯಾನಿಶ್‌ನಲ್ಲಿ ಕೇಸೋ ಅಂದರೆ ಬರೀ ಚೀಸ್. ಟೆಕ್ಸಸ್‌ನಲ್ಲಿ ಮಾತ್ರ ಆ ಹೆಸರಿಗೆ ಬರೋದು ಒಂದು ಬಟ್ಟಲು ಬಿಸಿ ಬಿಸಿ ಕರಗಿದ ಚೀಸ್, ಒಳಗೆ ಟೊಮೆಟೊ, ಮೆಣಸಿನಕಾಯಿ ಚೂರು, ಪಕ್ಕದಲ್ಲಿ ಅದ್ದಿಕೊಳ್ಳೋಕೆ ಮೆಕ್ಕೆಜೋಳದ ಚಿಪ್ಸ್. ಆಸ್ಟಿನ್‌ನಲ್ಲಿ ಅಕ್ಕನ ಮನೆಯಲ್ಲಿ ಒಂದು ತಿಂಗಳಿದ್ದೆ. ಯಾವ ಹೋಟೆಲಿಗೆ ಹೋದರೂ ಊಟಕ್ಕೆ ಮೊದಲು ಅದೇ ಬೇಕು ಅನ್ನುವಷ್ಟು ರುಚಿ ಹತ್ತಿತ್ತು. ಮೈಸೂರಿಗೆ ವಾಪಸ್ ಬಂದ ಮೇಲೆ ನಾನೇ ಮಾಡೋಣ ಅಂತ ಹೊರಟೆ.

ಮೊದಲ ಸಲ ದುಡ್ಡು ಸುರಿದು ಒಳ್ಳೆ ಚೆಡ್ಡರ್ ಚೀಸ್ ತಂದೆ. ತುರಿದು ಬಾಣಲೆಗೆ ಹಾಕಿ ಒಲೆ ಹಚ್ಚಿದೆ. ಐದೇ ನಿಮಿಷ. ಮೇಲೆ ಹಳದಿ ಎಣ್ಣೆ, ಕೆಳಗೆ ರಬ್ಬರಿನಂಥ ಮುದ್ದೆ. ಅಮ್ಮ ಬಗ್ಗಿ ನೋಡಿ, "ಏನೇ ಇದು, ಹಾಲು ಒಡೆದ ಹಾಗಿದೆ?" ಅಂದರು. ಎರಡನೇ ಸಲ ಉರಿ ಸಣ್ಣ ಮಾಡಿದೆ, ಆದರೆ ಟೊಮೆಟೊನ ಶುರುವಿನಲ್ಲೇ ಸುರಿದುಬಿಟ್ಟೆ. ಮತ್ತೆ ಒಡೆಯಿತು.

ಅಕ್ಕನಿಗೆ ಫೋನ್ ಮಾಡಿದರೆ ನಗು. "ಅಷ್ಟು ಒಳ್ಳೆ ಚೀಸ್ ಯಾರು ಹಾಕು ಅಂದ್ರು? ಇಲ್ಲಿ ಮನೆಗಳಲ್ಲಿ ವೆಲ್ವೀಟಾ ಒಂದು ಗಟ್ಟಿ, ರೋಟೆಲ್ ಒಂದು ಡಬ್ಬಿ, ಅಷ್ಟೇ." ವೆಲ್ವೀಟಾ ಅಂದರೆ ಪ್ರೊಸೆಸ್ಡ್ ಚೀಸ್ ಥರದ್ದು, ರೋಟೆಲ್ ಅಂದರೆ ಮೆಣಸಿನಕಾಯಿ ಹಾಕಿದ ಟೊಮೆಟೊ ಡಬ್ಬಿ. ನಾನು ಬೇಡ ಅಂತ ಮೂಗು ಮುರಿದಿದ್ದ ಅಗ್ಗದ ಚೀಸೇ ಇದಕ್ಕೆ ಸರಿಯಾದದ್ದು!

ಕಾರಣ ಇದೆ. ಚೆಡ್ಡರ್‌ನಲ್ಲಿ ಹಾಲಿನ ಪ್ರೋಟೀನನ್ನು ಕ್ಯಾಲ್ಸಿಯಂ ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಬಿಸಿ ಜಾಸ್ತಿಯಾದರೆ ಆ ಪ್ರೋಟೀನೆಲ್ಲ ಮುದುಡಿ ಗಟ್ಟಿಯಾಗಿ, ಒಳಗಿನ ಕೊಬ್ಬು ಹೊರಗೆ ಬರುತ್ತದೆ. ಪ್ರೊಸೆಸ್ಡ್ ಚೀಸ್ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಸೋಡಿಯಂ ಸಿಟ್ರೇಟ್ ಅಂತಲೋ 331 ಅಂತಲೋ ಬರೆದಿರುತ್ತದೆ ನೋಡಿ. ಅದು ಕ್ಯಾಲ್ಸಿಯಂ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಪ್ರೋಟೀನು ಸಡಿಲವಾಗಿ ನೀರನ್ನೂ ಕೊಬ್ಬನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ತಮಾಷೆ ಏನಂದರೆ, ಈ ಸೋಡಿಯಂ ಸಿಟ್ರೇಟಿನ ರಾಸಾಯನಿಕ ಸೂತ್ರ Na₃C₆H₅O₇, ಅದರ ಅಂಕಿಗಳನ್ನು ಬಿಟ್ಟು ಬರೀ ಅಕ್ಷರ ಓದಿದರೆ 'ನಾಚೋ' ಅಂತಲೇ ಬರುತ್ತದೆ, ಅಂದರೆ ಚೀಸ್ ಜೊತೆ ತಿನ್ನೋ ಅದೇ ಮೆಕ್ಕೆಜೋಳದ ಚಿಪ್ಸ್ ಹೆಸರು.

ಮೂರನೇ ಸಲ ಹೀಗೆ ಮಾಡಿದೆ. ಪ್ರೊಸೆಸ್ಡ್ ಚೀಸ್ ಕ್ಯೂಬ್ ಎಂಟು, ಅಂದರೆ 200 ಗ್ರಾಂ. ರುಚಿಗೆ ಚೆಡ್ಡರ್ 100 ಗ್ರಾಂ. ಎರಡನ್ನೂ ಮನೆಯಲ್ಲೇ ತುರಿಯಿರಿ, ತುರಿದು ಮಾರೋ ಪ್ಯಾಕೆಟ್ಟಿನದಕ್ಕೆ ಅಂಟಿಕೊಳ್ಳದಿರಲಿ ಅಂತ ಪಿಷ್ಟದ ಪುಡಿ ಸವರಿರುತ್ತಾರೆ, ಕರಗಿಸಿದಾಗ ನುಣ್ಣಗೆ ಬರೋದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಬೆಣ್ಣೆ, ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಚಿಟಿಕೆ ಜೀರಿಗೆ ಪುಡಿ. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಗಾಗೋದು ಬೇಡ. ಆಮೇಲೆ 150 ಮಿಲಿ ಗಟ್ಟಿ ಹಾಲು. ಅಂಚಿನಲ್ಲಿ ಗುಳ್ಳೆ ಬರೋಕೆ ಶುರುವಾದ ತಕ್ಷಣ ಉರಿ ಪೂರ್ತಿ ಸಣ್ಣ ಮಾಡಿ, ಒಂದೊಂದು ಹಿಡಿ ಚೀಸ್ ಹಾಕಿ ಅದು ಕರಗಿದ ಮೇಲೇ ಮುಂದಿನ ಹಿಡಿ. ಕುದಿ ಬರಲೇಬಾರದು. ಟೊಮೆಟೊ ಕೊನೆಗೆ, ಬೀಜ ನೀರು ತೆಗೆದು, ಒಲೆ ಆರಿಸಿದ ಮೇಲೆ. ಉಪ್ಪನ್ನು ರುಚಿ ನೋಡದೆ ಹಾಕಬೇಡಿ, ಪ್ರೊಸೆಸ್ಡ್ ಚೀಸಿನಲ್ಲೇ ಬೇಕಾದಷ್ಟಿರುತ್ತದೆ.

ಒಲೆ ಮೇಲೆ ನೋಡಿದಾಗ ಸ್ವಲ್ಪ ನೀರು ಅನ್ನಿಸಬೇಕು. ಬಟ್ಟಲಿಗೆ ಬಗ್ಗಿಸಿ ಎರಡು ನಿಮಿಷ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ. ನನಗಿದು ಗೊತ್ತಾಗದೆ ಆವತ್ತು ಇನ್ನೊಂದು ಹಿಡಿ ಚೀಸ್ ಸುರಿದೆ, ಟೇಬಲ್‌ಗೆ ಬರೋ ಹೊತ್ತಿಗೆ ಚಮಚ ನೆಟ್ಟಗೆ ನಿಂತಿತು. ಈಗ ನೆಂಟರು ಬಂದಾಗ ಬಟ್ಟಲನ್ನು ಬಿಸಿನೀರಿರೋ ಅಗಲ ಪಾತ್ರೆಯೊಳಗೆ ಇಟ್ಟುಬಿಡುತ್ತೇನೆ. ಅರ್ಧ ಗಂಟೆಗೆ ಮೋಸವಿಲ್ಲ.

ಚಿಪ್ಸ್ ತೆಳ್ಳಗಿದ್ದರೆ ಅದ್ದಿದಾಗ ಮುರಿದು ಒಳಗೇ ಉಳಿಯುತ್ತದೆ. ನಮ್ಮ ಮನೇಲಿ ಗೆದ್ದಿದ್ದು ನಿಪ್ಪಟ್ಟು. ಖಾರ, ಗಟ್ಟಿ, ಅಗಲ, ಇನ್ನೇನು ಬೇಕು? ಕೋಡುಬಳೆ ಕೂಡ ಆಗುತ್ತದೆ, ಆದರೆ ಚೀಸ್ ಅಷ್ಟಾಗಿ ಎತ್ತಿಕೊಳ್ಳೋದಿಲ್ಲ. ಮಿಕ್ಕಿದ್ದು ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಕೂತರೆ ಎರಡು ಚಮಚ ಹಾಲು ಹಾಕಿ ಬಿಸಿನೀರಿನ ಮೇಲಿಟ್ಟು ಕಲಕಿ, ಮತ್ತೆ ಸಡಿಲವಾಗುತ್ತದೆ. ಅಮ್ಮ ಅದಕ್ಕೂ ಕಾಯೋದಿಲ್ಲ, ಬೆಳಿಗ್ಗೆ ಬಿಸಿ ದೋಸೆ ಮೇಲೆ ಹಾಗೇ ಸವರಿಕೊಳ್ಳುತ್ತಾರೆ.