ಸೆರೆಯಾಳುಗಳ ಲೆಕ್ಕದಲ್ಲಿ ಬಣ್ಣ: ನನ್ನ ಆಜ್ಟೆಕ್ ಪಡೆ

ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆಂದು ತಂದ, ಹಿಂದಿನ ಮೆಕ್ಸಿಕೋದ ಆಜ್ಟೆಕ್ ಯೋಧರ 28 ಮಿಲಿಮೀಟರ್ ಅಳತೆಯ ಬೊಂಬೆಗಳಿಗೆ ಕುಂಚ ತಾಗಿಸುವ ಮೊದಲು ನಾನು ನೋಡಿದ್ದು ಕೋಡೆಕ್ಸ್ ಮೆಂಡೋಜಾದ ಚಿತ್ರಗಳನ್ನು. ಆಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ 1521ರಲ್ಲಿ ಸ್ಪೇನಿನವರ ಕೈಗೆ ಬಿದ್ದು ಸುಮಾರು ಎರಡು ದಶಕಗಳಾದ ಮೇಲೆ ಅಲ್ಲಿನ ಚಿತ್ರಕಾರರೇ ಬರೆದ ಈ ಹಸ್ತಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಬ್ಬ ಯೋಧ ಎಷ್ಟು ಶತ್ರುಗಳನ್ನು ಜೀವಂತ ಹಿಡಿದು ತಂದಿದ್ದಾನೆ ಎಂಬುದನ್ನು ಅವನ ಉಡುಪೇ ಹೇಳುತ್ತದೆ. ಇಬ್ಬರನ್ನು ಹಿಡಿದವನಿಗೆ ಕೆಂಪು ಉಡುಪು, ಚೂಪಾದ ಎತ್ತರದ ಟೋಪಿ. ಮೂವರನ್ನು ಹಿಡಿದವನ ಬೆನ್ನಿಗೆ ಚಿಟ್ಟೆಯಾಕಾರದ ಲಾಂಛನ. ನಾಲ್ವರಾದರೆ ಜಾಗ್ವಾರ್ ವೇಷ. ಪಡೆಯ ತುಂಬ ಜಾಗ್ವಾರ್‌ಗಳನ್ನೇ ನಿಲ್ಲಿಸುವುದೆಂದರೆ ಕವಾಯತಿಗೆ ಬಂದವರಿಗೆಲ್ಲ ಪರಮವೀರ ಚಕ್ರ ಹಂಚಿದಂತೆ. ನನ್ನ ಸಾಲುಗಳಲ್ಲಿ ಹೆಚ್ಚಿನವರು ಹತ್ತಿ ತುಂಬಿದ ಕವಚ ತೊಟ್ಟ ಸಾಮಾನ್ಯರು.

ಜಾಗ್ವಾರ್ ವೇಷಕ್ಕೆ ಹೆಚ್ಚು ಸಮಯ ಕೊಟ್ಟೆ. ಈ ಉಡುಪುಗಳು ಬಹುಮಟ್ಟಿಗೆ ಪ್ರಾಣಿಯ ತೊಗಲಲ್ಲ, ಬಟ್ಟೆಯ ಮೇಲೆ ಗರಿ ಹೊದಿಸಿದವು. ಹಾಗಾಗಿ ಒಣಕುಂಚ ಉಜ್ಜಿ ಕೂದಲಿನಂತೆ ತೋರಿಸಲಿಲ್ಲ. ಕಾವಿ ಬೆರೆತ ಹಳದಿಯ ಮೇಲೆ ತೆಳು ಕಂದು ನೀರುಬಣ್ಣ ಹರಿಸಿ, ಅದು ಒಣಗಿದ ಮೇಲೆ ಕೆಳಮುಖವಾಗಿ ಚಿಕ್ಕ ಗೀರುಗಳನ್ನೆಳೆದೆ. ಆಮೇಲೆ ಚುಕ್ಕೆ: ಅಲ್ಲಲ್ಲಿ ತುಂಡಾದ ಕಪ್ಪು ಬಳೆ, ನಡುವೆ ಕಂದು ಬೊಟ್ಟು. ಎದೆಯ ಮೇಲೆ ದೊಡ್ಡವು, ಮಣಿಕಟ್ಟಿನ ಕಡೆಗೆ ಚಿಕ್ಕವು. ಕಣ್ಣಿಗೆ ಭೂತಗನ್ನಡಿ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಮಕ್ವಾವಿಟ್ಲ್ ಎಂಬ ಮರದ ಆಯುಧದ ಅಂಚಿಗೆ ಜ್ವಾಲಾಮುಖಿ ಗಾಜಿನ ಅಲಗುಗಳಿರುತ್ತವೆ. ಅವಕ್ಕೆ ಬೆಳ್ಳಿ ಬಣ್ಣ ಬಳಿದ ಬೊಂಬೆಗಳನ್ನು ಕಂಡಾಗಲೆಲ್ಲ ನನಗೆ ಸಂಕಟ. ಕಪ್ಪು ಬಳಿದು, ಅಂಚಿಗೆ ನೀಲಿಬೂದಿಯ ಒಂದು ಗೆರೆ ಎಳೆದು, ಅಲಗಿಗೆ ಮಾತ್ರ ಹೊಳಪಿನ ವಾರ್ನಿಶ್ ಕೊಟ್ಟರೆ ಸಾಕು. ಬೊಂಬೆಯ ಉಳಿದ ಭಾಗವೆಲ್ಲ ಹೊಳಪಿಲ್ಲದ ವಾರ್ನಿಶ್.

ಸ್ಪೇನಿನವರ ಮೇಲೂ ಉಕ್ಕಿನ ಬಣ್ಣವನ್ನು ಜಿಪುಣತನದಿಂದಲೇ ಬಳಸಿದೆ. ಆಜ್ಟೆಕರ ಮೇಲೆ ದಂಡೆತ್ತಿ ಬಂದ ಸ್ಪೇನಿನ ನಾಯಕ ಕೊರ್ಟೆಸನ ಜೊತೆಗಿದ್ದ ಅನೇಕರು ಸ್ಥಳೀಯರ ಹತ್ತಿಕವಚವನ್ನೇ ತೊಟ್ಟರು. ಚಿತ್ರಗಳಲ್ಲಿ ಸದಾ ಕಾಣುವ, ನೆತ್ತಿಯ ಮೇಲೆ ಜುಟ್ಟಿನಂಥ ಏಣು ಮತ್ತು ದೋಣಿಯಂತೆ ಬಾಗಿದ ಅಂಚಿನ ಶಿರಸ್ತ್ರಾಣ ಬಳಕೆಗೆ ಬಂದದ್ದು ಹೆಚ್ಚಾಗಿ ಆ ಶತಮಾನದ ನಡುಭಾಗದಿಂದ. ಅಂಥ ತಲೆಗಳನ್ನು ಕತ್ತರಿಸಿ, ಸಾದಾ ಶಿರಸ್ತ್ರಾಣದ ತಲೆಗಳನ್ನು ಅಂಟಿಸಿದೆ.

ಕುದುರೆಗಳ ವಿಷಯದಲ್ಲಿ ಮಾತ್ರ ಊಹೆಗೆ ಕೆಲಸವಿರಲಿಲ್ಲ. 1519ರಲ್ಲಿ ಬಂದ 16 ಕುದುರೆಗಳನ್ನೂ, ಆ ದಂಡಿನಲ್ಲೇ ಸೈನಿಕನಾಗಿದ್ದು ಮುಂದೆ ಅದರ ಕಥೆ ಬರೆದ ಬೆರ್ನಾಲ್ ಡಿಯಾಸ್, ಬಣ್ಣ, ಗುಣದೋಷಗಳ ಸಮೇತ ಪಟ್ಟಿ ಮಾಡಿದ್ದಾನೆ. ಕೊರ್ಟೆಸನದು ಗಾಢ ಕಂದು, ಅವನ ದಳಪತಿಗಳಲ್ಲಿ ಅಲ್ವರಾಡೊನದು ಕೆಂಗಂದು ಹೆಣ್ಣು ಕುದುರೆ, ಪುಯೆರ್ಟೊಕರೆರೊನದು ಬೂದು. ಮುದುಕನಾದ ಮೇಲೂ ಕುದುರೆಗಳನ್ನು ಇಷ್ಟು ನೆನಪಿಟ್ಟುಕೊಂಡವನ ಬಗ್ಗೆ ನನಗೆ ಗೌರವ.

ಇಷ್ಟಾದರೂ ಸ್ಪೇನಿನ ಪಕ್ಷ ಪೂರ್ಣವಾಗಲಿಲ್ಲ. ಟೆನೊಚ್ಟಿಟ್ಲಾನ್ ಮುತ್ತಿಗೆಯ ಹೊತ್ತಿಗೆ ಕೊರ್ಟೆಸನ ಬಳಿ ಇದ್ದ ಸ್ಪೇನಿಯರು ಸುಮಾರು 900. ಅವನೊಡನೆ ಹೋರಾಡಿದ, ಆಜ್ಟೆಕರ ಶತ್ರುಗಳಾದ ತ್ಲಾಶ್ಕಾಲ ರಾಜ್ಯದವರೂ ಇತರ ಮಿತ್ರರೂ ಹತ್ತಾರು ಸಾವಿರ. ಮೇಜಿನ ಮೇಲೆ ಕವಚಧಾರಿಗಳಷ್ಟೇ ಗೆಲ್ಲುವುದನ್ನು ನೋಡಿದರೆ ನನಗೆ ಆಟವೇ ಸುಳ್ಳೆನಿಸುತ್ತದೆ. ಅದಕ್ಕೇ ಈಗ ಹೊಸ ಬೊಂಬೆಗಳೆಲ್ಲ ತ್ಲಾಶ್ಕಾಲಕ್ಕೆ ಹೋಗುತ್ತಿವೆ. ಮೈಬಣ್ಣ, ಮಾಸಲು ಬಿಳಿಯ ಕವಚ, ಒಂದು ಸುತ್ತು ಕಂದು ನೀರುಬಣ್ಣ, ಹಣೆಗೆ ಕೆಂಪು ಬಿಳಿ ಹೊಸೆದ ಪಟ್ಟಿ. ಸಾಲಾಗಿ ನಿಲ್ಲಿಸಿ ಒಂದೊಂದೇ ಬಣ್ಣವನ್ನು ಎಲ್ಲರಿಗೂ ಹಚ್ಚುತ್ತಾ ಹೋದರೆ ಕೆಲಸ ಬೇಗ ಸಾಗುತ್ತದೆ.