ಬಿರುಕನ್ನು ನಡುಗಿಸಿ, ಬಿಸಿಯನ್ನು ಹುಡುಕಿ

ಭಾರವನ್ನು ಮತ್ತೆ ಮತ್ತೆ ಹೊತ್ತು ಲೋಹದ ತುಂಡು ದಣಿದರೆ ಸಾಮಾನ್ಯವಾಗಿ ಒಂದು ಬಿರುಕು ಹುಟ್ಟಿ, ಬೆಳೆದು, ಕೊನೆಗೆ ತುಂಡು ಮುರಿಯುತ್ತದೆ. ಕಾರ್ಬನ್ ಫೈಬರ್, ಗ್ಲಾಸ್ ಫೈಬರ್‌ನಂಥ ಕಾಂಪೋಸಿಟ್‌ಗಳ (ಅಂದರೆ ಎಳೆಗಳ ಪದರಗಳನ್ನು ಅಂಟಿನಂಥ ರೆಸಿನ್‌ನಿಂದ ಬೆಸೆದ ವಸ್ತುಗಳ) ದಣಿವು ಅಷ್ಟು ಸರಳವಲ್ಲ. ಭಾರ ಮತ್ತೆ ಮತ್ತೆ ಏರಿಳಿದಂತೆ, ಎಳೆಗಳನ್ನು ಹಿಡಿದಿಟ್ಟಿರುವ ರೆಸಿನ್‌ನಲ್ಲಿ ಮೊದಲು ಸಣ್ಣ ಸಣ್ಣ ಬಿರುಕುಗಳು ಮೂಡುತ್ತವೆ. ಭಾರದ ದಿಕ್ಕಿಗೆ ಅಡ್ಡಲಾಗಿ ಎಳೆಗಳಿರುವ ಪದರಗಳಿಗೆ ಈ ಪಾಡು ಎಲ್ಲಕ್ಕಿಂತ ಮುಂಚೆ. ಬಿರುಕು ಪಕ್ಕದ ಪದರವನ್ನು ಮುಟ್ಟಿದಲ್ಲಿ ಪದರಗಳು ಒಂದನ್ನೊಂದು ಬಿಟ್ಟು ಬೇರೆಯಾಗುತ್ತವೆ. ಎಳೆಗಳು ಗುಂಪುಗುಂಪಾಗಿ ಕಡಿಯುವುದು ಕಡೆಯ ಘಟ್ಟ. ಇಷ್ಟಾದರೂ ಹೊರಮೈ ನುಣ್ಣಗೆ ಹೊಳೆಯುತ್ತಿರಬಹುದು.

ಕತ್ತರಿಸದೆ, ಕೊರೆಯದೆ ಇದನ್ನು ಪತ್ತೆಹಚ್ಚುವ ಒಂದು ದಾರಿಗೆ ವೈಬ್ರೊಥರ್ಮೋಗ್ರಫಿ ಎಂದು ಹೆಸರು. ತುಂಡನ್ನು ನಡುಗಿಸಿದರೆ ಬಿರುಕಿನ ಎರಡು ಮೈಗಳು ಒಂದಕ್ಕೊಂದು ಉಜ್ಜಿಕೊಂಡು ಬಿಸಿಯಾಗುತ್ತವೆ. ಆ ಬಿಸಿಯನ್ನು ಥರ್ಮಲ್ ಕ್ಯಾಮೆರಾ ಹಿಡಿಯುತ್ತದೆ. 1970ರ ದಶಕದ ಕೊನೆಯಲ್ಲೇ ಅಮೆರಿಕದ ವರ್ಜೀನಿಯಾ ಟೆಕ್‌ನ ಸಂಶೋಧಕರು ಇದನ್ನು ಕಾಂಪೋಸಿಟ್‌ಗಳ ಮೇಲೆ ಪ್ರಯೋಗಿಸಿದ್ದರು. ಇಲ್ಲಿ ಒಂದು ಮಾತು ನೆನಪಿಡಬೇಕು: ಕ್ಯಾಮೆರಾ ನೋಡುವುದು ಬಿರುಕನ್ನಲ್ಲ, ಉಜ್ಜಾಟವನ್ನು. ಮುಂದಿನ ಎಲ್ಲ ತಾಪತ್ರಯಗಳ ಮೂಲ ಇದೇ.

ಮೊದಲು ಬಡಿದು ನೋಡಿ

ಕ್ಯಾಮೆರಾ ಹೊರತೆಗೆಯುವ ಮುನ್ನ ತುಂಡನ್ನು ಮೆತ್ತನೆಯ ದಾರಗಳಲ್ಲಿ ತೂಗುಹಾಕಿ, ಚಿಕ್ಕ ಸುತ್ತಿಗೆಯಿಂದ ತಟ್ಟಿ, ಅಂಟಿಸಿದ ಸೆನ್ಸರ್‌ನಿಂದ ಅದರ ಸಹಜ ಕಂಪನಾಂಕ (ತಟ್ಟಿದಾಗ ಅದು ತಾನಾಗಿಯೇ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬುದು) ಎಷ್ಟೆಂದು ಅಳೆಯಿರಿ. ಒಡಕು ಗಡಿಗೆಯ ಸದ್ದೇ ಬೇರೆಯಲ್ಲವೇ, ಹಾಗೆ. ಆದರೆ ಇದರ ಮೇಲೆ ವಿಪರೀತ ಭರವಸೆ ಬೇಡ. ಕಂಪನಾಂಕವು ಬಿಗುವಿನ (ಸುಲಭವಾಗಿ ಬಾಗದೆ ನಿಲ್ಲುವ ಗುಣದ) ವರ್ಗಮೂಲದಂತೆ ಬದಲಾಗುವುದರಿಂದ, ಇಡೀ ತುಂಡಿನ ಬಿಗುವು ಶೇ 10ರಷ್ಟು ತಗ್ಗಿದರೂ ಕಂಪನಾಂಕ ಇಳಿಯುವುದು ಸುಮಾರು ಶೇ 5 ಮಾತ್ರ. ಒಂದು ಮೂಲೆಯ ಚಿಕ್ಕ ಬಿರುಕು ಇಲ್ಲಿ ಸುಳಿವೇ ಕೊಡದಿರಬಹುದು. ನನ್ನ ಪ್ರಕಾರ, ನಡುಕ ಎಷ್ಟು ಬೇಗ ಅಡಗುತ್ತದೆ ಎಂಬುದನ್ನೇ ಹೆಚ್ಚು ಗಮನಿಸಬೇಕು. ಉಜ್ಜಿಕೊಳ್ಳುವ ಬಿರುಕುಗಳು ನಡುಕದ ಶಕ್ತಿಯನ್ನು ನುಂಗುವುದರಿಂದ ಅದು ಬೇಗ ಸಾಯುತ್ತದೆ. ಹೋಲಿಸಲು ತುಂಡು ಹೊಸದಾಗಿದ್ದಾಗಿನ ಅಳತೆ ಇರಬೇಕು, ಇಲ್ಲವೇ ಅದೇ ಬಗೆಯ ಒಳ್ಳೆಯ ತುಂಡಾದರೂ ಬೇಕು. ಏನೋ ಕೆಟ್ಟಿದೆ ಎಂದು ಈ ಪರೀಕ್ಷೆ ಹೇಳುತ್ತದೆ. ಎಲ್ಲಿ ಎಂದು ಹೇಳುವುದು ಕ್ಯಾಮೆರಾದ ಕೆಲಸ.

ಮೈ ಕಪ್ಪಾಗಿಸಿ, ಬಿಗಿಯಾಗಿ ಹಿಡಿಸಿ

ಹೊಳೆಯುವ ಮೈ ಕೋಣೆಯ ಬಿಸಿಯನ್ನೆಲ್ಲ, ನಿಮ್ಮ ಮುಖದ ಬಿಸಿಯನ್ನೂ ಸೇರಿಸಿ, ಕನ್ನಡಿಯಂತೆ ತೋರಿಸುತ್ತದೆ. ನೀರಿನಲ್ಲಿ ತೊಳೆದು ಹೋಗುವ, ಹೊಳಪಿಲ್ಲದ ಕಪ್ಪು ಬಣ್ಣವನ್ನು ತೆಳ್ಳಗೆ ಸಿಂಪಡಿಸಿ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಬಿಸಿ ಒಂದಷ್ಟು ಹೊತ್ತು ಅಚ್ಚಿನಂತೆ ಉಳಿಯುತ್ತದೆ. ತುಂಡು ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಿರಿ. ತುಂಡಿಗೂ ಅದನ್ನು ಬಿಗಿಯಾಗಿ ಹಿಡಿಯುವ ಹಿಡಿಕೆಗಳಿಗೂ (ಕ್ಲಾಂಪ್) ನಡುವೆ ರಬ್ಬರ್ ಅಥವಾ ಕಾರ್ಕ್ ಇರಲಿ.

ನಡುಗಿಸುವ ಸಾಧನ ಅಲ್ಟ್ರಾಸಾನಿಕ್ ಹಾರ್ನ್, ಅಂದರೆ ಕಿವಿಗೆ ಕೇಳಿಸದಷ್ಟು ವೇಗವಾಗಿ ನಡುಗುವ ಲೋಹದ ದಂಡ. ಪ್ಲಾಸ್ಟಿಕ್ ಬೆಸುಗೆಗೆ ಬಳಸುವಂಥದ್ದೇ. ಸಾಮಾನ್ಯವಾಗಿ 20 ಕಿಲೊಹರ್ಟ್ಸ್‌ನದು. ಅದರ ತುದಿಗೂ ತುಂಡಿಗೂ ನಡುವೆ ಟೇಪ್‌ನ ಒಂದು ಪದರ ಹಾಕದಿದ್ದರೆ ತುಂಡಿನ ಮೈ ಸುಟ್ಟು ಗಾಯವಾಗಬಹುದು.

ಹಾರ್ನ್ ಹೊಡೆಯಿರಿ

ಕಿವಿಗೆ ರಕ್ಷಣೆ ಹಾಕಿಕೊಳ್ಳಿ. 20 ಕಿಲೊಹರ್ಟ್ಸ್ ಹೆಚ್ಚಿನವರಿಗೆ ಕೇಳಿಸುವುದಿಲ್ಲ ನಿಜ, ಆದರೆ ಹಾರ್ನ್ ತುಂಡಿನ ಮೇಲೆ ಕುಣಿಯುವಾಗ ಹೊರಡುವ ಕಿರುಚು ಚೆನ್ನಾಗಿಯೇ ಕೇಳಿಸುತ್ತದೆ. ಮೊದಲು ಕ್ಯಾಮೆರಾ ರೆಕಾರ್ಡಿಂಗ್ ಶುರುಮಾಡಿ, ಆಮೇಲೆ ಕಡಿಮೆ ಶಕ್ತಿಯಲ್ಲಿ ಅರ್ಧ ಸೆಕೆಂಡು ಹೊಡೆಯಿರಿ. ಹೊಡೆಯುವ ಮುಂಚಿನ ಚಿತ್ರವನ್ನು ಉಳಿದ ಚಿತ್ರಗಳಿಂದ ಕಳೆಯಬೇಕು, ಏಕೆಂದರೆ ಹುಡುಕುತ್ತಿರುವ ಏರಿಕೆ ಕೆಲವೊಮ್ಮೆ ಒಂದು ಡಿಗ್ರಿಯ ನೂರನೇ ಒಂದೆರಡು ಪಾಲಿನಷ್ಟೇ ಇರುತ್ತದೆ. ತಂಪಾಗಿಸಿದ ಸೆನ್ಸರ್ ಇರುವ ಕ್ಯಾಮೆರಾ ಸುಮಾರು 0.02 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಗುರುತಿಸುತ್ತದೆ. ಅಗ್ಗದ ಮಾದರಿಗಳಿಗೆ ಅಷ್ಟು ಸೂಕ್ಷ್ಮ ಕಣ್ಣಿಲ್ಲ.

ಚಿತ್ರ ಓದುವುದು

ಹಾರ್ನ್ ಹೊಡೆದ ಕ್ಷಣವೇ ಚೂಪಾದ ಗೆರೆ ಬೆಳಗಿದರೆ ಬಿರುಕು ಮೇಲ್ಮೈಯಲ್ಲಿದೆ. ತಡವಾಗಿ, ಮಸುಕಾಗಿ ಮೂಡಿದರೆ ಆಳದಲ್ಲಿದೆ. ಆಳ ಎರಡರಷ್ಟಾದರೆ ಬಿಸಿ ಮೇಲೆ ಬರಲು ನಾಲ್ಕರಷ್ಟು ಹೊತ್ತು, ಮೂರರಷ್ಟಾದರೆ ಒಂಬತ್ತರಷ್ಟು. ಹಾಗಾಗಿ ಹಾರ್ನ್ ನಿಂತೊಡನೆ ರೆಕಾರ್ಡಿಂಗ್ ನಿಲ್ಲಿಸುವುದು ಹೊಸಬರು ಮಾಡುವ ತಪ್ಪು. ಇನ್ನೊಂದು ಮೋಸವೂ ಇದೆ: ಕಾರ್ಬನ್ ಎಳೆಗಳ ಉದ್ದಕ್ಕೆ ಬಿಸಿ ಬೇಗ ಹರಿಯುವುದರಿಂದ ಕಲೆ ಆ ದಿಕ್ಕಿಗೆ ಎಳೆದಂತೆ ಕಾಣುತ್ತದೆ. ಅದನ್ನೇ ಬಿರುಕಿನ ಆಕಾರವೆಂದು ಬರೆದುಕೊಳ್ಳಬೇಡಿ. ಹಾರ್ನ್‌ನ ತುದಿ, ಹಿಡಿಕೆಯ ಅಂಚು, ಸಡಿಲ ರಿವೆಟ್ ಇವೂ ಬಿಸಿಯಾಗುತ್ತವೆ.

ಏನೂ ಕಾಣದಿದ್ದರೆ?

ತುಂಡು ಸರಿಯಿದೆ ಎನ್ನುವ ಹೊತ್ತು ಇನ್ನೂ ಬಂದಿಲ್ಲ. ಎರಡು ಅಂಗೈಗಳನ್ನು ಬಲವಾಗಿ ಅದುಮಿ ಹಿಡಿದರೆ ಜಾರುವುದಿಲ್ಲ, ದೂರ ಹಿಡಿದರೆ ತಾಗುವುದೇ ಇಲ್ಲ. ಎರಡರಲ್ಲೂ ಬಿಸಿ ಹುಟ್ಟದು. ಬಿಗಿಯಾಗಿ ಮುಚ್ಚಿದ ಬಿರುಕು, ಬಾಯಿ ಬಿಟ್ಟ ಬಿರುಕು ಎರಡೂ ಹೀಗೆ ತಪ್ಪಿಸಿಕೊಳ್ಳುತ್ತವೆ. ಜೊತೆಗೆ, ನಡುಗುವ ತುಂಡಿನಲ್ಲಿ ಅಲುಗದೆ ನಿಲ್ಲುವ ಜಾಗಗಳೂ ಇರುತ್ತವೆ, ಬಿರುಕು ಅಲ್ಲೇ ಕೂತಿದ್ದರೆ ಬೆಳಗುವುದಿಲ್ಲ. ಹಾರ್ನ್‌ನ ಜಾಗ ಬದಲಿಸಿ, ಹಿಡಿಕೆಯ ಬಿಗಿ ಬದಲಿಸಿ, ಕನಿಷ್ಠ ಎರಡು ಮೂರು ಸಲ ಹೊಡೆಯಿರಿ. ಶಕ್ತಿ ಏರಿಸುತ್ತಾ ಹೋಗುವ ಆಸೆ ಮಾತ್ರ ಬೇಡ. ಇರುವ ಬಿರುಕನ್ನು ನೀವೇ ಬೆಳೆಸಿಬಿಡಬಹುದು.

ಉಪಕರಣ ಸರಿಯಿದೆಯೇ ಎಂದು ನೋಡಲು ರಂಧ್ರ ಕೊರೆದ ಮಾದರಿ ತುಂಡು ಇಟ್ಟುಕೊಳ್ಳುವವರಿದ್ದಾರೆ. ಮೈಯನ್ನು ಫ್ಲ್ಯಾಶ್ ಬೆಳಕಿನಿಂದ ಬಿಸಿಮಾಡಿ ನೋಡುವ ಪರೀಕ್ಷೆಗೆ ಅದು ಸರಿ, ಇಲ್ಲಿ ಪ್ರಯೋಜನವಿಲ್ಲ: ರಂಧ್ರಕ್ಕೆ ಉಜ್ಜಿಕೊಳ್ಳಲು ಎರಡು ಮೈಗಳೇ ಇಲ್ಲ. ನಿಜವಾಗಿ ದಣಿಸಿದ ಅಥವಾ ಪೆಟ್ಟು ತಿಂದ ತುಂಡೇ ಬೇಕು.

ಬೆಳಗಿದ ಜಾಗವನ್ನು ಅಲ್ಟ್ರಾಸಾನಿಕ್ ಸ್ಕ್ಯಾನ್‌ನಿಂದ ಖಾತ್ರಿಪಡಿಸಿಕೊಳ್ಳಿ. ಪ್ರತಿ ಹೊಡೆತದ ಶಕ್ತಿ, ಅವಧಿ, ಹಿಡಿಕೆಯ ಬಿಗಿ, ಹಾರ್ನ್ ಇಟ್ಟ ಜಾಗ ಎಲ್ಲವನ್ನೂ ಬರೆದಿಡಿ. ಮುಂದಿನ ಸಲ ಹಾರ್ನ್ ಕೆಲವೇ ಸೆಂಟಿಮೀಟರ್ ಆಚೀಚೆಯಾದರೂ ನಡುಕದ ವಿನ್ಯಾಸ ಬದಲಾಗಿ, ಹಳೆಯ ಬಿರುಕು ಹೊಸದರಂತೆ ಕಾಣಬಹುದು, ಅಥವಾ ಮಾಯವಾದಂತೆ.