ಕಡಿಮೆ ಖರ್ಚಿನಲ್ಲಿ ಉಲ್ಲನ್ ಹೊದಿಕೆ ಹೆಣೆಯಲು ತೊಡಗುವವರಿಗೆ

ಕೈಯಲ್ಲಿ ಹೆಣೆದ ಹೊದಿಕೆ ಅಂಗಡಿಯ ಹೊದಿಕೆಗಿಂತ ಅಗ್ಗವಾದೀತು ಎಂಬ ನಿರೀಕ್ಷೆಯನ್ನು ಆರಂಭದಲ್ಲೇ ಬಿಟ್ಟುಬಿಡುವುದು ಒಳ್ಳೆಯದು. ಯಂತ್ರದಲ್ಲಿ ತಯಾರಾದ ತೆಳು ಹೊದಿಕೆ ಚಿಕ್ಕಪೇಟೆಯಲ್ಲಿ ಸಿಗುವ ಬೆಲೆಗೆ ಅದೇ ಅಳತೆಯ ಹೊದಿಕೆಗೆ ಬೇಕಾಗುವ ಉಲ್ಲನ್ ಕೂಡ ಸಾಮಾನ್ಯವಾಗಿ ಬರುವುದಿಲ್ಲ. ಬೆಚ್ಚಗಿದ್ದರೆ ಸಾಕು ಎನ್ನುವವರು ಒಂದು ಕಂಬಳಿಯನ್ನೇ ಕೊಳ್ಳಬಹುದು. ಹೆಣೆಯುವ ಕೆಲಸವನ್ನೇ ಬಯಸಿ ಬರುವವರು ಮಾತ್ರ ಖರ್ಚನ್ನು ಹಿಡಿತದಲ್ಲಿಡುವ ಬಗೆಯನ್ನು ಯೋಚಿಸಬೇಕು. ಈ ಕೆಲಸದಲ್ಲಿ ಹಣವೆಲ್ಲ ಹೋಗುವುದು ನೂಲಿಗೆ. ನೂಲು ಎಷ್ಟು ಬೇಕೆಂಬುದನ್ನು ತೀರ್ಮಾನಿಸುವುದು ಹೊದಿಕೆಯ ಅಳತೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅಳತೆಯನ್ನು ನಿರ್ಧರಿಸಿಕೊಳ್ಳುವುದೇ ದೊಡ್ಡ ಉಳಿತಾಯ.

ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲೂ ಬೆಂಗಳೂರಿನ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವುದರಿಂದ, ಮಂಚ ತುಂಬುವ ಭಾರಿ ಹೊದಿಕೆ ಇಲ್ಲಿ ಬಹುಪಾಲು ಬೀರುವಿನಲ್ಲೇ ಉಳಿಯುತ್ತದೆ. ಮಗುವನ್ನು ಎತ್ತಿಕೊಂಡು ಹೊರಗೆ ಹೋಗುವಾಗ ಸುತ್ತಲು, ಅಥವಾ ಹಿರಿಯರು ಕುರ್ಚಿಯಲ್ಲಿ ಕುಳಿತಾಗ ಮೊಣಕಾಲಿನ ಮೇಲೆ ಹರಡಿಕೊಳ್ಳಲು 75 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ ಸಾಕು. ಮೊದಲ ಹೊದಿಕೆ ಇದೇ ಅಳತೆಯದಾಗಿರಲಿ.

ನೂಲಿನ ಲೆಕ್ಕ ಹಾಕುವುದು ಕಷ್ಟವಲ್ಲ. ಮೊದಲಿಗೆ ಸ್ವಲ್ಪವೇ ಉಲ್ಲನ್ ತಂದು, 15 ಸೆಂಟಿಮೀಟರ್ ಚೌಕದ ನಾಲ್ಕು ತುಂಡುಗಳನ್ನು ಹೆಣೆದು, ನಾಲ್ಕನ್ನೂ ಒಟ್ಟಿಗೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿರಿ. ಒಂದೊಂದಾಗಿ ತೂಗಿದರೆ ಒಂದೆರಡು ಗ್ರಾಂ ವ್ಯತ್ಯಾಸವೂ ಲೆಕ್ಕವನ್ನು ಕೆಡಿಸುತ್ತದೆ. ನಾಲ್ಕೂ ಸೇರಿ 56 ಗ್ರಾಂ ಆದವು ಎಂದಿಟ್ಟುಕೊಳ್ಳೋಣ. ಆಗ ಒಂದರ ತೂಕ 14 ಗ್ರಾಂ. ಮೇಲೆ ಹೇಳಿದ ಅಳತೆಯಲ್ಲಿ ಇಂಥ 30 ಚೌಕಗಳು ಅಡಕವಾಗುವುದರಿಂದ 420 ಗ್ರಾಂ ಬೇಕು. ಜೋಡಿಸಲು ಮತ್ತು ಅಂಚಿಗೆಂದು ಹತ್ತನೆಯ ಒಂದು ಭಾಗ ಹೆಚ್ಚಿಗೆ ಇಟ್ಟುಕೊಂಡರೆ ಸುಮಾರು 460 ಗ್ರಾಂ. ಅದೇ ಕೈ, ಅದೇ ನೂಲಿನಲ್ಲಿ 150 × 210 ಸೆಂಟಿಮೀಟರಿನ ಹೊದಿಕೆಗೆ ಹೊರಟರೆ 140 ಚೌಕಗಳು, ಅಂದರೆ ಹತ್ತಿರ ಹತ್ತಿರ ಎರಡು ಕಿಲೋ ಉಲ್ಲನ್. ಮೊದಲ ಉತ್ಸಾಹದಲ್ಲಿ ಮಂಚದ ಹೊದಿಕೆಗೆ ಕೈಹಾಕಿದವರು ನಡುವೆ ನಿಲ್ಲಿಸುವುದಕ್ಕೆ ಬೇಸರಕ್ಕಿಂತ ಈ ತೂಕವೇ ಹೆಚ್ಚಿನ ಕಾರಣ ಎಂದು ನನಗೆ ಅನ್ನಿಸುತ್ತದೆ.

ಈ ಕೆಲಸಕ್ಕೆ ಅಕ್ರಿಲಿಕ್ ಎಂಬ ಕೃತಕ ನೂಲು ಸಾಕು. ನಮ್ಮಲ್ಲಿ ಉಲ್ಲನ್ ಎಂದು ಕೇಳಿದರೆ ಅಂಗಡಿಯವರು ಮುಂದಿಡುವುದೂ ಸಾಮಾನ್ಯವಾಗಿ ಅದನ್ನೇ. ಅದು ಕುರಿಯ ಉಣ್ಣೆಗಿಂತ ಅಗ್ಗ, ಮನೆಯಲ್ಲೇ ಒಗೆಯಬಹುದು, ಹುಳು ತಿನ್ನುವುದಿಲ್ಲ. ಆದರೆ ಬಿಸಿಗೆ ಕರಗುವ ಗುಣ ಅದಕ್ಕಿರುವುದರಿಂದ ಇಸ್ತ್ರಿ ಪೆಟ್ಟಿಗೆಯನ್ನು ಸೋಕಿಸಬಾರದು, ಒಲೆ ಮತ್ತು ದೀಪದ ಹತ್ತಿರ ಬಳಸಬಾರದು. ಹತ್ತಿಯ ನೂಲು ನೋಡಲು ಚೆಂದ, ಆದರೆ ಹೊದಿಕೆಯನ್ನು ಭಾರ ಮಾಡುತ್ತದೆ, ಬೇಗ ಒಣಗುವುದೂ ಇಲ್ಲ.

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದೇ ತಲುಪಬಹುದಾದ ಮಾಮೂಲ್‌ಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳಲ್ಲಿ ಹೊಲಿಗೆ ಸಾಮಾನಿನ ಅಂಗಡಿಗಳನ್ನು ವಿಚಾರಿಸಿದರೆ ಉಲ್ಲನ್ ಇಟ್ಟಿರುವವರು ಸಿಗುತ್ತಾರೆ. ಉಂಡೆಗಳು 25, 50, 100 ಗ್ರಾಂ ಹೀಗೆ ಬೇರೆ ಬೇರೆ ತೂಕದಲ್ಲಿ ಬರುವುದರಿಂದ ಉಂಡೆಯ ಬೆಲೆಯನ್ನು ಹೋಲಿಸಿ ಪ್ರಯೋಜನವಿಲ್ಲ. ನೂರು ಗ್ರಾಂಗೆ ಎಷ್ಟಾಯಿತು ಎಂದು ಲೆಕ್ಕ ಮಾಡಿಯೇ ಕೊಳ್ಳಬೇಕು. ಉಂಡೆಯ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ, ಅಂದರೆ ಒಮ್ಮೆಗೆ ಬಣ್ಣ ಹಾಕಿದ ನೂಲಿನ ಗುಂಪಿನ ಸಂಖ್ಯೆಯೂ ಇರುತ್ತದೆ. ಒಂದೇ ಬಣ್ಣವಾದರೂ ಲಾಟ್ ಬೇರೆಯಾದರೆ ಛಾಯೆ ತುಸು ಬೇರೆಯಾಗಬಹುದು. ಅಂಗಡಿಯ ದೀಪದಲ್ಲಿ ಕಾಣದ ಈ ವ್ಯತ್ಯಾಸ ಹಗಲು ಬೆಳಕಿನಲ್ಲಿ ಅಡ್ಡಪಟ್ಟಿಯಾಗಿ ಎದ್ದು ಕಾಣುತ್ತದೆ. ಎಲ್ಲವನ್ನೂ ಒಮ್ಮೆಗೇ ಕೊಳ್ಳುವಷ್ಟು ಹಣವಿಲ್ಲದಿದ್ದರೆ ಒಂದೇ ಬಣ್ಣದ ಹೊದಿಕೆಯ ಆಸೆಯನ್ನು ಬಿಟ್ಟು, ಮೂರು ನಾಲ್ಕು ಬಣ್ಣಗಳನ್ನು ಆರಿಸಿ, ತಿಂಗಳಿಗೊಂದು ಬಣ್ಣದಂತೆ ಪೂರ್ತಿ ಕೊಳ್ಳಿರಿ. ಆಗ ಲಾಟ್ ತೊಂದರೆಯೇ ಬರುವುದಿಲ್ಲ.

ಕಡ್ಡಿಗಳ ವಿಷಯದಲ್ಲಿ ಹೊಸಬರನ್ನು ತಬ್ಬಿಬ್ಬಾಗಿಸುವುದು ಸಂಖ್ಯೆ. ನಮ್ಮ ಅಂಗಡಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ಸಣ್ಣದಾಗುತ್ತದೆ: 10ನೇ ನಂಬರು ಎಂದರೆ 3.25 ಮಿಲಿಮೀಟರ್, 8 ಎಂದರೆ 4, 7 ಎಂದರೆ 4.5, 6 ಎಂದರೆ 5 ಮಿಲಿಮೀಟರ್. ಸ್ವೆಟರಿಗೆ ಬಳಸುವ ಮಧ್ಯಮ ನೂಲಿಗೆ 8, ಸ್ವಲ್ಪ ದಪ್ಪ ನೂಲಿಗೆ 7 ಅಥವಾ 6 ಹೊಂದುತ್ತದೆ. ಒಂದೇ ಒಂದು ಜೊತೆ ಕೊಂಡರೆ ಸಾಕು. ಸಾಲಿನ ಗುರುತಿಗೆ ಪಿನ್ನು, ಜೋಡಿಸಲು ದೊಡ್ಡ ಕಣ್ಣಿನ ಮೊಂಡು ಸೂಜಿ ಅಥವಾ ಚಿಕ್ಕ ದಬ್ಬಣ, ಒಂದು ಕತ್ತರಿ, ಒಂದು ಟೇಪು — ಇವೆಲ್ಲ ಮನೆಯಲ್ಲೇ ಸಿಗುತ್ತವೆ. ಅಂದದ ಪೆಟ್ಟಿಗೆಯಲ್ಲಿ ಮಾರುವ ಹೆಣಿಗೆ ಸೆಟ್ಟುಗಳು ದುಡ್ಡಿಗೆ ದಂಡ.

ಹೊಸ ನೂಲಿಗೆ ಹಣ ಹಾಕುವ ಮೊದಲು ಮನೆಯ ಹಳೆಯ ಸ್ವೆಟರುಗಳನ್ನು ಒಮ್ಮೆ ಹೊರಗೆ ತೆಗೆದು ನೋಡಬೇಕು. ಎಲ್ಲ ಸ್ವೆಟರುಗಳನ್ನೂ ಬಿಚ್ಚಲು ಬರುವುದಿಲ್ಲ. ಒಳಗಿನ ಹೊಲಿಗೆಯನ್ನು ಗಮನಿಸಿರಿ: ಎರಡು ಅಂಚುಗಳನ್ನು ಸೇರಿಸಿ ಸರಪಣಿಯಂತೆ ಹೊಲಿದಿದ್ದರೆ ಬಿಚ್ಚಬಹುದು, ಬಟ್ಟೆಯನ್ನು ಕತ್ತರಿಸಿ ಅಂಚನ್ನು ದಾರದಿಂದ ಸುತ್ತಿ ಹೊಲಿದಿದ್ದರೆ, ಅಂದರೆ ಓವರ್‌ಲಾಕ್ ಮಾಡಿದ್ದರೆ, ಪ್ರತಿ ಸಾಲಿನ ಕೊನೆಯಲ್ಲೂ ನೂಲು ತುಂಡಾಗಿರುವುದರಿಂದ ಕೈಗೆ ಬರುವುದು ಚೂರುಗಳು ಮಾತ್ರ. ಬಿಚ್ಚುವ ಜಾತಿಯದಾದರೆ ತೋಳುಗಳನ್ನು ಬೇರ್ಪಡಿಸಿ, ಕೊನೆಯದಾಗಿ ಹೆಣೆದ ಅಂಚಿನಿಂದ ಎಳೆಯುತ್ತ ಹೋಗಿ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿರಿ. ಆ ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಸ್ವಲ್ಪ ಶ್ಯಾಂಪೂ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ನೆರಳಿನಲ್ಲಿ ತೂಗುಹಾಕಿದರೆ ಸುಕ್ಕು ಬಹುಮಟ್ಟಿಗೆ ಬಿಡುತ್ತದೆ. ನೂಲು ತೀರ ತೆಳುವಾಗಿದ್ದರೆ ಎರಡು ಮೂರು ಎಳೆಗಳನ್ನು ಒಟ್ಟಿಗೆ ಹಿಡಿದು ಹೆಣೆಯಬಹುದು. ಕೆಂಪು, ಕಡುನೀಲಿಗಳು ಬಣ್ಣ ಬಿಡುತ್ತವೆಯೋ ಎಂಬುದನ್ನು ಬಿಳಿ ಬಟ್ಟೆಯ ಒದ್ದೆ ತುಂಡಿನಿಂದ ಒತ್ತಿ ಪರೀಕ್ಷಿಸದೆ ತಿಳಿಬಣ್ಣದ ಪಕ್ಕದಲ್ಲಿ ಕೂರಿಸಬೇಡಿರಿ.

ಹೆಣೆಯಲು ಒಂದೇ ಒಂದು ಹೆಣಿಗೆ, ಅಂದರೆ ನಿಟ್ ಎಂಬ ಸಾದಾ ಹೆಣಿಗೆ, ಗೊತ್ತಿದ್ದರೆ ಸಾಕು. ಪ್ರತಿ ಸಾಲನ್ನೂ ನಿಟ್ ಆಗಿಯೇ ಹೆಣೆದರೆ ಬರುವ ಗಾರ್ಟರ್ ಹೆಣಿಗೆ ಎರಡೂ ಬದಿಯಲ್ಲಿ ಒಂದೇ ಬಗೆಯಾಗಿ ಕಾಣುತ್ತದೆ, ಅಂಚು ಸುರುಳಿ ಸುತ್ತುವುದಿಲ್ಲ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ (ಉಲ್ಟಾ ಹೆಣಿಗೆ) ಹೆಣೆದ ನುಣುಪು ಹೆಣಿಗೆ ಚೆಂದವೆನಿಸಿದರೂ ಅಂಚುಗಳು ಮಡಚಿಕೊಳ್ಳುವುದರಿಂದ ಹೊಸಬರ ಹೊದಿಕೆಗೆ ಅದು ತಕ್ಕುದಲ್ಲ.

ಹೊಸ ನೂಲಿನಲ್ಲಿ ಹೆಣೆಯುವವರಿಗೆ ಬಿಡಿ ಚೌಕಗಳಿಗಿಂತ ಪಟ್ಟಿಗಳು ಮೇಲು ಎಂಬುದು ನನ್ನ ಅಭಿಪ್ರಾಯ. ಕಡ್ಡಿಯ ಮೇಲೆ 20 ಕುಣಿಕೆ ಏರಿಸಿ ಕೆಲವು ಸಾಲು ಹೆಣೆದು, ಅಗಲವನ್ನು ಟೇಪಿನಲ್ಲಿ ಅಳೆದು, 15 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬೇಕೆಂದು ತಿಳಿದುಕೊಳ್ಳಿರಿ. ದಪ್ಪ ನೂಲು ಮತ್ತು 7ನೇ ನಂಬರಿನ ಕಡ್ಡಿಯಲ್ಲಿ ಅದು 27ರ ಆಸುಪಾಸಿನಲ್ಲಿರುತ್ತದೆ. ಅಷ್ಟು ಕುಣಿಕೆಯಲ್ಲಿ 90 ಸೆಂಟಿಮೀಟರ್ ಉದ್ದದ ಐದು ಪಟ್ಟಿಗಳನ್ನು, ಪ್ರತಿ 15 ಸೆಂಟಿಮೀಟರಿಗೆ ಬಣ್ಣ ಬದಲಿಸುತ್ತ ಹೆಣೆದರೆ ನೋಡುವವರ ಕಣ್ಣಿಗೆ ಅವು ಚೌಕಗಳೇ. ಬಿಡಿಯಾಗಿ ಹೆಣೆದ 30 ಚೌಕಗಳನ್ನು ಸೇರಿಸಲು ಏಳು ಮೀಟರಿಗೂ ಹೆಚ್ಚು ಹೊಲಿಗೆ ಬೇಕು. ಐದು ಪಟ್ಟಿಗಳಿಗೆ 3.6 ಮೀಟರ್ ಸಾಕು. ಮೊದಲ ಕುಣಿಕೆಗಳನ್ನು ಸಡಿಲವಾಗಿಯೇ ಏರಿಸಬೇಕು, ಇಲ್ಲದಿದ್ದರೆ ಕೆಳಗಿನ ಅಂಚು ಬಿಗಿದು ಪಟ್ಟಿ ಸೊಟ್ಟಗಾಗುತ್ತದೆ. ಪ್ರತಿ ಬಣ್ಣದ ಕೊನೆಗೂ ಒಂದು ಗೇಣು ನೂಲು ಬಿಟ್ಟು ಕತ್ತರಿಸಿ, ಆ ತುದಿಯನ್ನು ಸೂಜಿಯಿಂದ ಹೆಣಿಗೆಯ ಉಬ್ಬುಸಾಲುಗಳೊಳಗೆ ಹೋಗಿಬಂದು ಹುದುಗಿಸಿರಿ. ಬರಿಯ ಗಂಟು ಅಕ್ರಿಲಿಕ್‌ನಲ್ಲಿ ಜಾರಿ ಬಿಚ್ಚಿಕೊಳ್ಳುತ್ತದೆ.

ಬಿಚ್ಚಿದ ಸ್ವೆಟರಿನ ನೂಲಿಗೆ, ಎಲ್ಲಿ ಮುಗಿಯುತ್ತದೆಂದು ತಿಳಿಯದ ಉಂಡೆಗಳಿಗೆ, ಓರೆ ಚೌಕದ ವಿಧಾನವೇ ಸರಿ. ಮೂರು ಕುಣಿಕೆಯಿಂದ ಶುರುಮಾಡಿ, ಪ್ರತಿ ಸಾಲಿನ ಮೊದಲ ಕುಣಿಕೆಯಲ್ಲಿ ಮುಂದಿನಿಂದೊಮ್ಮೆ, ಹಿಂದಿನಿಂದೊಮ್ಮೆ ಹೆಣೆದು ಒಂದನ್ನು ಎರಡು ಮಾಡುತ್ತ ಹೋದರೆ ಮೂಲೆಯಿಂದ ತ್ರಿಕೋನ ಬೆಳೆಯುತ್ತದೆ. ಅದರ ಓರೆ ಅಂಚು (ಕಡ್ಡಿಯ ಮೇಲಿನದಲ್ಲ, ಪಕ್ಕದ್ದು) 15 ಸೆಂಟಿಮೀಟರ್ ಮುಟ್ಟಿದಾಗ, ಪ್ರತಿ ಸಾಲಿನ ಆರಂಭದಲ್ಲಿ ಎರಡು ಕುಣಿಕೆಗಳನ್ನು ಸೇರಿಸಿ ಹೆಣೆದು ಇಳಿಸುತ್ತ ಬಂದರೆ ಚೌಕ ತಾನಾಗಿ ಪೂರ್ಣವಾಗುತ್ತದೆ. ಇಲ್ಲಿ ಕುಣಿಕೆ ಎಣಿಸುವ ಕೆಲಸವೇ ಇಲ್ಲ. ಉಂಡೆ ಚಿಕ್ಕದಾಗಿದ್ದರೆ ಮೊದಲೇ ತೂಗಿಕೊಂಡು, ಅರ್ಧ ತೂಕ ಖರ್ಚಾದಾಗ ಇಳಿಸಲು ಆರಂಭಿಸಿರಿ. ಅಳತೆ ಕಿರಿದಾದರೂ ಚೌಕ ಅರೆಯಾಗಿ ನಿಲ್ಲುವುದಿಲ್ಲ. ಕಿರಿಯ ಚೌಕಗಳನ್ನು ದೊಡ್ಡವುಗಳ ಜೊತೆ ಎಳೆದು ಹೊಲಿಯದೆ ಬೇರೆಯಾಗಿಯೇ ಕೂಡಿಡಬೇಕು.

ಜೋಡಿಸುವಾಗ ಪಟ್ಟಿಗಳನ್ನು ಚಾಪೆಯ ಮೇಲೆ ಹರಡಿ, ಮೊದಲು ಎರಡೂ ತುದಿ ಮತ್ತು ನಡುವೆ ಪಿನ್ನು ಹಾಕಿ, ಆಮೇಲೆ ಅಂಚಿನ ಕುಣಿಕೆಗಳನ್ನು ಎದುರುಬದುರಾಗಿ ಹಿಡಿದು ಹೊಲಿಯಿರಿ. ಮಗುವಿಗೆಂದು ಮಾಡಿದ ಹೊದಿಕೆಗೆ ಕುಚ್ಚು ಬೇಡ. ಒಂದು ವರ್ಷ ತುಂಬದ ಮಗುವನ್ನು ಮಲಗಿಸಿದಾಗ ಸಡಿಲ ಹೊದಿಕೆಯನ್ನು ಹಾಸಿಗೆಯಲ್ಲಿ ಬಿಡಲೂಬಾರದು.

ಒಗೆಯುವಾಗ ತಣ್ಣೀರು, ಕಡಿಮೆ ಸೋಪು ಸಾಕು. ಯಂತ್ರದಲ್ಲಿ ಹಾಕುವುದಾದರೆ ದಿಂಬಿನ ಗವಸಿನೊಳಗೆ ಕಟ್ಟಿ ಮೆಲುವಾದ ಸುತ್ತಿನಲ್ಲಿ ಹಾಕಿರಿ. ಒದ್ದೆ ಹೊದಿಕೆಯನ್ನು ಹಗ್ಗದ ಮೇಲೆ ನೇತುಹಾಕಿದರೆ ತನ್ನ ಭಾರಕ್ಕೇ ಜಗ್ಗುವುದರಿಂದ ತಾರಸಿಯಲ್ಲಿ ಬಟ್ಟೆ ಹಾಸಿ ಅದರ ಮೇಲೆ ಹರಡಬೇಕು. ಜೂನಿನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಅದು ಒಣಗದೆ ಮುಗ್ಗಲು ವಾಸನೆ ಹಿಡಿಯಬಹುದು. ಚಳಿಗಾಲ ಮುಗಿದ ಮೇಲೆ ಫೆಬ್ರವರಿ, ಮಾರ್ಚ್‌ನ ಬಿಸಿಲಿನಲ್ಲಿ ಒಗೆದು ಎತ್ತಿಡುವುದು ಅನುಕೂಲ. ಪ್ರತಿ ಬಣ್ಣದಲ್ಲೂ ಹತ್ತು ಗ್ರಾಂನಷ್ಟು ನೂಲನ್ನು ಅದರ ಲಾಟ್ ಚೀಟಿಯ ಸಮೇತ ಒಂದು ಚೀಲದಲ್ಲಿ ಕಟ್ಟಿ ಹೊದಿಕೆಯ ಜೊತೆಗೇ ಇಟ್ಟರೆ, ಮುಂದೆ ಎಲ್ಲಾದರೂ ಹರಿದಾಗ ಅದೇ ಛಾಯೆಯಲ್ಲಿ ರಿಪೇರಿ ಮಾಡಬಹುದು.